ಟರ್ಮಿನಲ್‌ನಲ್ಲಿ ಓಡುವ ಪ್ರಾಜೆಕ್ಟ್ ವಿಂಡೋದಲ್ಲಿ ಏಕೆ ನಿಲ್ಲುತ್ತದೆ?

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್, ಬಿಸಿಎ ಕೊನೆಯ ವರ್ಷದ ಪ್ರಾಜೆಕ್ಟ್ ವೈವಾ ಹತ್ತಿರ ಬಂತೆಂದರೆ ದಾವಣಗೆರೆಯ ವಿದ್ಯಾನಗರ, ಎಂ.ಸಿ.ಸಿ. ಬ್ಲಾಕ್ ಕಡೆಯ ಪಿ.ಜಿ.ಗಳಲ್ಲಿ ಒಂದು ಮಾತು ಸಾಮಾನ್ಯ: ‘ಟರ್ಮಿನಲ್‌ನಲ್ಲಿ ಸರಿಯಾಗಿ ಓಡುತ್ತೆ, ನಮ್ಮ ವಿಂಡೋದಲ್ಲಿ ಮಾತ್ರ ಸುಮ್ಮನೆ ಕೂತುಬಿಡುತ್ತೆ.’ ಟರ್ಮಿನಲ್ ಎಂದರೆ ಆಜ್ಞೆಯನ್ನು ಟೈಪ್ ಮಾಡಿ ಉತ್ತರ ಪಡೆಯುವ ಕಪ್ಪು ಪರದೆ. ಇವರದು ಮೇಲೆ ಬಟನ್, ಬರೆಯುವ ಪೆಟ್ಟಿಗೆ, ಬಣ್ಣ ಎಲ್ಲ ಇರುವ ಡೆಸ್ಕ್‌ಟಾಪ್ ಆ್ಯಪ್. ಒಳಗೆ ಪೈಥಾನ್, ಆಕ್ಟೇವ್, ಪ್ರೊಲಾಗ್, ಮ್ಯಾಕ್ಸಿಮಾದಂಥ ಕಮಾಂಡ್ ಲೈನ್ ಇಂಟರ್‌ಪ್ರಿಟರ್, ಅಂದರೆ ಬರೆದ ಆಜ್ಞೆಯನ್ನು ಓದಿ ಓಡಿಸುವ ಪ್ರೋಗ್ರಾಂ. ನಿಂತುಹೋದಾಗ ಬೈಗುಳ ಇಂಟರ್‌ಪ್ರಿಟರಿಗೋ ಲ್ಯಾಪ್‌ಟಾಪಿಗೋ ಬೀಳುತ್ತದೆ. ತಪ್ಪು ಅವೆರಡರದ್ದೂ ಅಲ್ಲ, ಆ್ಯಪ್ ಮತ್ತು ಇಂಟರ್‌ಪ್ರಿಟರ್ ನಡುವೆ ಹಾಕಿದ ಪೈಪಿನದು. ಪೈಪ್ ಎಂದರೆ ಒಂದು ಪ್ರೋಗ್ರಾಮಿನ ಅಕ್ಷರಗಳನ್ನು ಇನ್ನೊಂದಕ್ಕೆ ಸಾಗಿಸುವ ಕೊಳವೆ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ ಪೈಪ್ ಬಂದದ್ದು 1973ರಲ್ಲಿ. ಅದನ್ನು ಇಂದಿಗೂ ಥಿಯರಿಯ ಅರ್ಧ ಪುಟದಲ್ಲಿ ಮುಗಿಸಿಬಿಡುತ್ತೇವೆ. ಪ್ರಾಜೆಕ್ಟ್ ಮಾಡುವವರಿಗೂ ಅಂಕ ಕೊಡುವವರಿಗೂ ಉಪಯೋಗವಾಗಲಿ ಎಂದು ಈ ಪತ್ರ.

ಮೊದಲು ಗೊತ್ತಿರಬೇಕಾದದ್ದು: ಇಂಟರ್‌ಪ್ರಿಟರ್ ಶುರುವಾದ ಕೂಡಲೇ ‘ನನ್ನ ಎದುರು ಟರ್ಮಿನಲ್ ಇದೆಯೇ?’ ಎಂದು ಆಪರೇಟಿಂಗ್ ಸಿಸ್ಟಮ್ಮನ್ನು ಕೇಳುತ್ತದೆ. ಇದ್ದರೆ ಒಂದು ನಡವಳಿಕೆ, ಇಲ್ಲದಿದ್ದರೆ ಇನ್ನೊಂದು. ಆ್ಯಪ್ ಒಳಗಿಂದ ಎಬ್ಬಿಸಿದಾಗ ಅದರ ಎದುರು ಇರುವುದು ಪೈಪ್, ಹಾಗಾಗಿ ಉತ್ತರ ‘ಇಲ್ಲ’. ಪೈಥಾನ್ ಆಗ ಪೈಪಿನಿಂದ ಬರುವುದನ್ನೆಲ್ಲ ಒಂದು ಫೈಲ್ ಎಂದೇ ತಿಳಿಯುತ್ತದೆ. ಕೊನೆಯವರೆಗೂ ಓದಿ, ಅಂದರೆ ನಾವು ಪೈಪ್ ಮುಚ್ಚುವವರೆಗೂ ಕಾದು, ಆಮೇಲಷ್ಟೇ ಓಡಿಸುತ್ತದೆ. ಪೆಟ್ಟಿಗೆಯಲ್ಲಿ 2+3 ಬರೆದು ಬಟನ್ ಒತ್ತಿದವರು ಎಷ್ಟು ಹೊತ್ತು ಕಾದರೂ 5 ಬಾರದು. ಪೈಪ್ ಮುಚ್ಚಿದರೂ ಬಾರದು. ಫೈಲಿನಲ್ಲಿ ಬರೆದ 2+3ಕ್ಕೆ ಪೈಥಾನ್ ಉತ್ತರ ಮುದ್ರಿಸುವುದಿಲ್ಲವಲ್ಲ!

ಇದನ್ನು ಕಂಡುಕೊಂಡವರು ಹೈಫನ್ ಐ ಎಂಬ ಸ್ವಿಚ್ ಹಾಕಿ ಪೈಥಾನನ್ನು ಬಲವಂತವಾಗಿ ಮಾತುಕತೆಯ ಸ್ಥಿತಿಗೆ ತರುತ್ತಾರೆ. 5 ಬರುತ್ತದೆ. ಆದರೆ ಇಂಟರ್‌ಪ್ರಿಟರಿನಿಂದ ಹೊರಬರುವ ಪೈಪ್ ಎರಡು: ಉತ್ತರಕ್ಕೆ ಔಟ್‌ಪುಟ್, ತಪ್ಪಿನ ಸುದ್ದಿಗೆ ಎರರ್. ‘ಮುಂದಿನ ಆಜ್ಞೆ ಕೊಡಿ’ ಎನ್ನುವ ಮೂರು ಬಾಣದ (>>>) ಪ್ರಾಂಪ್ಟ್ ಎರರ್ ಪೈಪಿನಲ್ಲಿ ಬರುತ್ತದೆ, ಉತ್ತರ ಔಟ್‌ಪುಟ್ ಪೈಪಿನಲ್ಲಿ ಬರುತ್ತದೆ. ಎರರ್ ಬಂದರೆ ಕೆಂಪು ಬಣ್ಣ ಎಂದು ಬರೆದಿಟ್ಟ ಆ್ಯಪ್‌ನಲ್ಲಿ ಪ್ರತಿ ಸಾಲಿಗೂ ಕೆಂಪು ಬಾಣ! ಗ್ರಾಫ್ ಬಿಡಿಸುವ ಗ್ನುಪ್ಲಾಟ್‌ನದು ಇನ್ನೊಂದು ಬಗೆ: ಅದರ ಪ್ರಿಂಟ್ ಆಜ್ಞೆಯ ಫಲವೇ ಬೇರೆ ಹೇಳದಿದ್ದರೆ ಎರರ್ ಪೈಪಿಗೆ ಹೋಗುತ್ತದೆ. ಎರರ್ ಪೈಪಿನಲ್ಲಿ ಬಂದದ್ದೆಲ್ಲ ತಪ್ಪು ಎಂದು ತೀರ್ಮಾನಿಸಬಾರದು.

ಎರಡನೆಯದು ಬಫರ್, ಅಂದರೆ ಹೊರಡುವ ಮುನ್ನ ಅಕ್ಷರಗಳನ್ನು ಕೂಡಿಡುವ ಜಾಗ. ಹೆಚ್ಚಿನ ಪ್ರಾಜೆಕ್ಟ್ ಸಾಯುವುದು ಇಲ್ಲೇ. ಟರ್ಮಿನಲ್ ಇದ್ದಾಗ ಪ್ರತಿ ಸಾಲು ಮುಗಿದ ತಕ್ಷಣ ಅಕ್ಷರಗಳು ಹೊರಬರುತ್ತವೆ. ಪೈಪ್ ಇದ್ದಾಗ ಒಳಗೆ ಒಂದು ತೊಟ್ಟಿ ತುಂಬುವವರೆಗೂ ಹೊರಬರುವುದಿಲ್ಲ. ತೊಟ್ಟಿಯ ಅಳತೆ ಸಾಮಾನ್ಯವಾಗಿ 4096 ಅಥವಾ 8192 ಬೈಟ್. ಚಿತ್ರದುರ್ಗ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಮಳೆಗಾಲದಲ್ಲಿ ನೀರು ಬರುತ್ತಿತ್ತು. ಆದರೆ 130 ಅಡಿ ತುಂಬದೆ ಕೋಡಿ ಬೀಳದು. 1933ರಲ್ಲಿ ಬಿದ್ದ ಕೋಡಿ ಮತ್ತೆ ಬಿದ್ದದ್ದು 2022ರಲ್ಲಿ. ಹಾಗೆಂದು ಅಷ್ಟೂ ವರ್ಷ ತೋಟಗಳಿಗೆ ನೀರು ಹೋಗಲಿಲ್ಲವೇ? ಹೋಯಿತು, ತೂಬು ಎತ್ತಿದ್ದರಿಂದ. ಪ್ರೋಗ್ರಾಮಿನಲ್ಲಿ ತೂಬು ಎತ್ತುವ ಕೆಲಸದ ಹೆಸರು ಫ್ಲಶ್.

ಲೆಕ್ಕ ಹಾಕಿ ನೋಡೋಣ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಯುನಿಕೋಡ್ ಸಂಕೇತಕ್ಕೆ 3 ಬೈಟ್. ‘ದಾವಣಗೆರೆ’ಯಲ್ಲಿ 8 ಸಂಕೇತ: ದ, ಅದರ ದೀರ್ಘ, ವ, ಣ, ಗ, ಎತ್ವ, ರ, ಎತ್ವ. 24 ಬೈಟ್ ಆಯಿತು, ಸಾಲು ಮುರಿಯುವ ಗುರುತು ಸೇರಿ ಲಿನಕ್ಸ್‌ನಲ್ಲಿ 25. ಒಂದು ಲೂಪಿನಲ್ಲಿ ಸೆಕೆಂಡಿಗೊಮ್ಮೆ ‘ದಾವಣಗೆರೆ’ ಮುದ್ರಿಸಿದರೆ 4096 ಬೈಟಿನ ತೊಟ್ಟಿಯಲ್ಲಿ 163 ಸಾಲು ಹಿಡಿಸುತ್ತವೆ. ಅಂದರೆ 2 ನಿಮಿಷ 43 ಸೆಕೆಂಡು ವಿಂಡೋದಲ್ಲಿ ಒಂದಕ್ಷರವೂ ಕಾಣದು, 164ನೆಯ ಸಾಲಿಗೆ ಎಲ್ಲವೂ ಒಟ್ಟಿಗೇ ಸುರಿಯುತ್ತದೆ. ಅಷ್ಟು ಹೊತ್ತಿಗೆ ಎಕ್ಸಾಮಿನರ್ ಮುಂದಿನ ಬ್ಯಾಚಿನ ಟೇಬಲ್ಲಿಗೆ ಹೋಗಿರುತ್ತಾರೆ.

ಪೈಥಾನ್‌ಗೆ ಮದ್ದು ಸುಲಭ. ಶುರು ಮಾಡುವಾಗಲೇ ಹೈಫನ್ ಯು ಸ್ವಿಚ್ ಕೊಡಬಹುದು, ಇಲ್ಲವೇ ಪ್ರಿಂಟ್ ಆಜ್ಞೆಯಲ್ಲಿ ಫ್ಲಶ್‌ಗೆ ಟ್ರೂ ಎಂದು ಬರೆಯಬಹುದು. ಸಿ ಭಾಷೆಯಲ್ಲಾದರೆ ಪ್ರತಿ ಉತ್ತರದ ನಂತರ ಎಫ್‌ಫ್ಲಶ್. ನೆನಪಿಡಬೇಕಾದದ್ದು, ಫ್ಲಶ್ ಆಗಬೇಕಾದದ್ದು ಬರೆಯುವವರ ಕಡೆ. ಓದುವ ಆ್ಯಪ್ ತನ್ನ ಕಡೆಯ ಬಫರನ್ನು ಎಷ್ಟು ಚಿಕ್ಕದು ಮಾಡಿದರೂ ಆ ಕಡೆಯಿಂದ ಹೊರಡದ ಅಕ್ಷರ ಬಾರದು. ಇಂಟರ್‌ಪ್ರಿಟರನ್ನು ಮುಟ್ಟಲು ಆಗದಿದ್ದರೆ ಮಾತ್ರ ಹುಸಿ ಟರ್ಮಿನಲ್‌ನ ದಾರಿ, ಅಂದರೆ ಎದುರು ಟರ್ಮಿನಲ್ ಇದೆಯೆಂದು ಇಂಟರ್‌ಪ್ರಿಟರನ್ನು ನಂಬಿಸುವುದು. ಲಿನಕ್ಸ್‌ನಲ್ಲಿ ಅದು ಬಹಳ ಹಿಂದಿನಿಂದಲೂ ಇದೆ, ವಿಂಡೋಸ್‌ನಲ್ಲಿ ಕಾನ್‌ಪಿಟಿವೈ ಹೆಸರಿನಲ್ಲಿ ಬಂದದ್ದು 2018ರಲ್ಲಿ. ಆದರೆ ಅದರ ಜೊತೆ ಬಣ್ಣದ ಸಂಕೇತಗಳು ಬರುತ್ತವೆ, ನಾವು ಕಳಿಸಿದ್ದೇ ಪ್ರತಿಧ್ವನಿಯಾಗಿ ಹಿಂದಿರುಗುತ್ತದೆ, ಎಲ್ಲವನ್ನೂ ಸೋಸಬೇಕು. ಮೊದಲ ಆಯ್ಕೆಯಾಗಿ ಅದನ್ನು ಹಿಡಿಯುವುದು ಬೇಡ.

ಮೂರನೆಯದು ಪರಸ್ಪರ ಕಾಯುವಿಕೆ. ಲಿನಕ್ಸ್‌ನಲ್ಲಿ ಒಂದು ಪೈಪ್ ಹಿಡಿಯುವುದು 65,536 ಬೈಟ್. ಆ್ಯಪ್ ‘ಮೊದಲು ಪ್ರೋಗ್ರಾಂ ಮುಗಿಯಲಿ, ಆಮೇಲೆ ಓದುತ್ತೇನೆ’ ಎಂದು ಕೂತರೆ, ಔಟ್‌ಪುಟ್ ಅಷ್ಟು ತುಂಬಿದ ಮೇಲೆ ಇಂಟರ್‌ಪ್ರಿಟರ್ ‘ಮೊದಲು ಓದಲಿ, ಆಮೇಲೆ ಬರೆಯುತ್ತೇನೆ’ ಎಂದು ನಿಲ್ಲುತ್ತದೆ. ಎಪಿಎಂಸಿ ಗೇಟಿನಲ್ಲಿ ಎದುರುಬದುರಾದ ಎರಡು ಲಾರಿಗಳ ಹಾಗೆ. ಮೇಲಿನ ‘ದಾವಣಗೆರೆ’ ಸಾಲುಗಳಲ್ಲೇ ಹೇಳುವುದಾದರೆ ಸುಮಾರು 2,600 ಸಾಲಿನವರೆಗೆ ಎಲ್ಲ ಸರಿ, ಆಮೇಲೆ ಸ್ತಬ್ಧ. ಹತ್ತು ಸಾಲಿನಲ್ಲಿ ಪರೀಕ್ಷಿಸಿ ‘ಆಯ್ತು’ ಎಂದವರಿಗೆ ಇದು ಕಾಣಿಸುವುದೇ ಇಲ್ಲ. ಔಟ್‌ಪುಟ್ ಒಂದನ್ನೇ ಓದಿ ಎರರ್ ಪೈಪನ್ನು ಮರೆತರೂ ಇದೇ ಗತಿ. ಎರಡನ್ನೂ ಸದಾ ಓದುತ್ತಿರಬೇಕು, ಅಥವಾ ಎರಡನ್ನೂ ಒಂದೇ ಪೈಪಿಗೆ ಸೇರಿಸಬೇಕು.

ಓದುವ ಕೆಲಸ ವಿಂಡೋ ನಡೆಸುವ ಥ್ರೆಡ್ಡಿನಲ್ಲಿ ಆಗಕೂಡದು. ಥ್ರೆಡ್ ಎಂದರೆ ಒಂದೇ ಪ್ರೋಗ್ರಾಮಿನೊಳಗೆ ಪ್ರತ್ಯೇಕವಾಗಿ ನಡೆಯುವ ಕೆಲಸದ ಎಳೆ. ವಿಂಡೋ ಸುಮಾರು 5 ಸೆಕೆಂಡು ಸಂದೇಶಗಳಿಗೆ ಓಗೊಡದಿದ್ದರೆ ವಿಂಡೋಸ್ ಅದನ್ನು ‘ಪ್ರತಿಕ್ರಿಯಿಸುತ್ತಿಲ್ಲ’ ಎಂದು ಬಿಳುಚಿಸಿಬಿಡುತ್ತದೆ. ವಿಂಡೋ ಕಟ್ಟಲು ಪೈಥಾನಿನ ಟಿಕೆಇಂಟರ್ ಬಳಸುವವರು ಓದಲು ಒಂದು ಬೇರೆ ಥ್ರೆಡ್ ಇಟ್ಟು, ಬಂದ ಸಾಲನ್ನು ಕ್ಯೂಗೆ ಹಾಕಿಸಿ, ಆಫ್ಟರ್ ಎಂಬ ಕರೆಯಿಂದ 50 ಮಿಲಿಸೆಕೆಂಡಿಗೊಮ್ಮೆ ಕ್ಯೂ ನೋಡಬೇಕು. ಆ ಥ್ರೆಡ್ಡಿನಿಂದ ನೇರವಾಗಿ ಪಠ್ಯಪೆಟ್ಟಿಗೆಗೆ ಬರೆದರೆ ಒಮ್ಮೊಮ್ಮೆ ನಡೆಯುತ್ತದೆ, ಒಮ್ಮೊಮ್ಮೆ ಆ್ಯಪ್ ಬೀಳುತ್ತದೆ. ಅದೇ ಕೆಲಸದ ಇನ್ನೊಂದು ಸಲಕರಣೆಯಾದ ಕ್ಯೂಟಿ ಬಳಸುವವರಿಗೆ ಕ್ಯೂಪ್ರೋಸೆಸ್ ಇದೆ. ಓದಲು ಏನಾದರೂ ಬಂದಾಗ ಅದೇ ಸಿಗ್ನಲ್ ಕೊಡುತ್ತದೆ, ಥ್ರೆಡ್ ಬೇಕಿಲ್ಲ. ಆದರೂ ಎಷ್ಟೋ ಜನ ಬಟನ್ ಒತ್ತಿದ ಜಾಗದಲ್ಲೇ ವೇಟ್‌ಫಾರ್‌ಫಿನಿಷ್ಡ್ ಬರೆಯುತ್ತಾರೆ. ಅದು ಸುಮ್ಮನೆ ಬಿಟ್ಟರೆ 30 ಸೆಕೆಂಡು ಕಾಯುವ ಕರೆ, ಅಷ್ಟು ಹೊತ್ತೂ ವಿಂಡೋ ಮರದ ಹಲಗೆ.

ಇನ್ನು ಕನ್ನಡ. ನಮ್ಮ ಮಕ್ಕಳಿಗೆ ಕನ್ನಡದಲ್ಲೇ ಕೋಡಿಂಗ್ ಕಲಿಸುವ ಆ್ಯಪ್ ಮಾಡುವವರು ಇದನ್ನು ಗಮನವಿಟ್ಟು ಓದಬೇಕು. ವಿಂಡೋಸ್‌ನ ಟರ್ಮಿನಲ್‌ನಲ್ಲಿ ಪೈಥಾನ್ ಕನ್ನಡ ಮುದ್ರಿಸುತ್ತದೆ. ಅದೇ ಪ್ರೋಗ್ರಾಮಿಗೆ ಪೈಪ್ ಜೋಡಿಸಿದರೆ ಅನೇಕ ಯಂತ್ರಗಳಲ್ಲಿ ಯುನಿಕೋಡ್ ಎನ್‌ಕೋಡ್ ಎರರ್ ಎಂದು ಬಿದ್ದುಹೋಗುತ್ತದೆ. ಕಾರಣ, ಪೈಪಿಗೆ ಬರೆಯುವಾಗ ಅದು ಆ ಯಂತ್ರದ ಹಳೆಯ ಕೋಡ್ ಪೇಜನ್ನು, ಅಂದರೆ ಅಕ್ಷರಗಳ ಪಟ್ಟಿಯನ್ನು, ಹಿಡಿಯುತ್ತದೆ. ಸಾಮಾನ್ಯವಾಗಿ 1252, ಅದರಲ್ಲಿ ಕನ್ನಡವೇ ಇಲ್ಲ. ಇಂಟರ್‌ಪ್ರಿಟರನ್ನು ಎಬ್ಬಿಸುವ ಮುನ್ನ ಪೈಥಾನ್‌ಯುಟಿಎಫ್8 ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ 1 ಕೊಟ್ಟರೆ ಸರಿಹೋಗುತ್ತದೆ. ಪೈಥಾನ್ 3.7ರಿಂದ ಈ ಸೌಲಭ್ಯವಿದೆ. ಓದುವ ಆ್ಯಪ್ ಕೂಡ ಯುಟಿಎಫ್-8 ಎಂದೇ ಓದಬೇಕು, ಒಂದು ಕಡೆ ಸರಿಮಾಡಿ ಇನ್ನೊಂದು ಕಡೆ ಬಿಟ್ಟರೆ ಅಕ್ಷರದ ಬದಲು ಹುಳುಹುಪ್ಪಟೆ ಕಾಣುತ್ತವೆ.

ಅಲ್ಲಿಗೂ ಮುಗಿಯಲಿಲ್ಲ. ಬರೀ ಕನ್ನಡ ಅಕ್ಷರಗಳು ಎಡೆಬಿಡದೆ ಬರುತ್ತಿವೆ, ಆ್ಯಪ್ 4096 ಬೈಟಿನಂತೆ ಓದುತ್ತಿದೆ ಎಂದುಕೊಳ್ಳಿ. 4096ನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ. ಅಂದರೆ 1365 ಸಂಕೇತಗಳಾದ ಮೇಲೆ ಮುಂದಿನದರ ಮೂರನೇ ಒಂದು ಭಾಗ ಈ ಕಂತಿನಲ್ಲಿ, ಉಳಿದದ್ದು ಮುಂದಿನ ಕಂತಿನಲ್ಲಿ. ಒಂದೊಂದು ಕಂತನ್ನೂ ಬೇರೆಬೇರೆಯಾಗಿ ಅಕ್ಷರಕ್ಕೆ ತಿರುಗಿಸಿದರೆ ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಕೂರುತ್ತದೆ. ಉಳಿದ ಬೈಟನ್ನು ನೆನಪಿಟ್ಟುಕೊಳ್ಳುವ ಇನ್‌ಕ್ರಿಮೆಂಟಲ್ ಡಿಕೋಡರ್ ಬಳಸಿದರೆ ವಜ್ರ ಹೋಗುತ್ತದೆ. ಆದರೆ ಮೊದಲಿನ ಲೆಕ್ಕವನ್ನು ಮತ್ತೆ ನೋಡಿ: ಸಾಲಿಗೊಂದು ‘ದಾವಣಗೆರೆ’ ಇದ್ದಾಗ 163 ಸಾಲಿಗೆ 4075 ಬೈಟ್, ಕಂತಿನಲ್ಲಿ ಉಳಿಯುವುದು 21. ಅಷ್ಟರಲ್ಲಿ ಸರಿಯಾಗಿ 7 ಸಂಕೇತ ಹಿಡಿಸುತ್ತವೆ. ಒಂದು ಬೈಟೂ ತುಂಡಾಗಲಿಲ್ಲ, ಆದರೂ ವಿಂಡೋದಲ್ಲಿ ‘ದಾವಣಗೆರ’ ಎಂದು ಬಂದು, ಕೊನೆಯ ಎತ್ವ ಮುಂದಿನ ಕಂತಿಗೆ ಕಾಯುತ್ತದೆ. ಕಂತುಗಳಿಗೆ ಬೇರೆಬೇರೆ ಬಣ್ಣವೋ ಬೇರೆ ಸಾಲೋ ಕೊಟ್ಟಿದ್ದರೆ ಆ ಎತ್ವ ಚುಕ್ಕೆವೃತ್ತದ ಮೇಲೆ ಅನಾಥವಾಗಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಇದು ಕನಸಿನಲ್ಲೂ ಬಾರದು. ಹಾಗಾಗಿ ಕಂತು ಬಂದಂತೆ ತೋರಿಸುವುದು ಬೇಡ. ಸಾಲು ಪೂರ್ತಿಯಾಗುವವರೆಗೆ ಕೂಡಿಟ್ಟು, ಸಾಲು ಸಾಲಾಗಿ ತೋರಿಸಬೇಕು.

ಇಷ್ಟೆಲ್ಲ ಸರಿಯಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಉತ್ತರ ಮುಗಿಯಿತು ಎಂದು ಆ್ಯಪ್‌ಗೆ ಗೊತ್ತಾಗುವುದು ಹೇಗೆ? ‘ಅರ್ಧ ಸೆಕೆಂಡು ಏನೂ ಬರಲಿಲ್ಲ, ಹಾಗಾದರೆ ಮುಗಿದಿದೆ’ ಎಂಬುದು ಎಲ್ಲರ ಮೊದಲ ಉಪಾಯ. ಬೇಡ. ದೀರ್ಘ ಲೆಕ್ಕದ ನಡುವೆಯೂ ಅಷ್ಟು ಮೌನ ಇರಬಹುದು. ಪ್ರಾಂಪ್ಟ್ ಹುಡುಕುವುದೂ ಬೇಡ, ಉತ್ತರದೊಳಗೇ ಮೂರು ಬಾಣ ಇರಬಹುದು. ಪ್ರತಿ ಆಜ್ಞೆಯ ಬೆನ್ನಿಗೆ ಬೇರೆಲ್ಲೂ ಬರಲಾರದ ಒಂದು ಗುರುತಿನ ಸಾಲನ್ನು ಮುದ್ರಿಸುವಂತೆ ಇಂಟರ್‌ಪ್ರಿಟರಿಗೇ ಹೇಳಿ, ಅದು ಕಂಡಾಗ ಉತ್ತರ ಮುಗಿಯಿತು ಎನ್ನುವುದು ಆಕ್ಟೇವ್, ಪ್ರೊಲಾಗ್‌ಗಳಿಗೆ ಸಾಕು. ಮ್ಯಾಕ್ಸಿಮಾದ ಜೊತೆ ಮಾತಾಡುವ ಡಬ್ಲ್ಯುಎಕ್ಸ್ ಮ್ಯಾಕ್ಸಿಮಾ ಎಂಬ ವಿಂಡೋ ಆ್ಯಪ್ ಪೈಪ್ ಬಿಟ್ಟು ಅದೇ ಯಂತ್ರದೊಳಗಿನ ಸಾಕೆಟ್, ಅಂದರೆ ನೆಟ್‌ವರ್ಕ್ ಸಂಪರ್ಕ, ಬಳಸುತ್ತದೆ. ಫೈರ್‌ವಾಲ್ ಅಡ್ಡಬಂದರೆ ಅದು ಸುಮ್ಮನೆ ಕೂರುವುದು ಅದಕ್ಕೇ. ಸಾಕೆಟ್ಟೇ ಬೇಕೆನ್ನುವವರು ತಮ್ಮದೇ ಯಂತ್ರದ ವಿಳಾಸವಾದ 127.0.0.1ರಲ್ಲಿ ಮಾತ್ರ ಕೇಳಬೇಕು. ನಾಲ್ಕು ಸೊನ್ನೆಯ (0.0.0.0) ವಿಳಾಸ ಕೊಟ್ಟರೆ ಅದೇ ವೈಫೈನಲ್ಲಿರುವ ಯಾರು ಬೇಕಾದರೂ ನಿಮ್ಮ ಯಂತ್ರದಲ್ಲಿ ಕೋಡ್ ಓಡಿಸಬಹುದು.

ಪೈಥಾನ್ ಆದರೆ ಇದಕ್ಕಿಂತ ಒಳ್ಳೆಯ ದಾರಿಯಿದೆ: ಮಾತುಕತೆಯ ಸ್ಥಿತಿಯನ್ನೇ ಬಿಟ್ಟು, 40-50 ಸಾಲಿನ ಒಂದು ಮಧ್ಯವರ್ತಿ ಸ್ಕ್ರಿಪ್ಟ್ ಬರೆಯುವುದು. ಆ್ಯಪ್ ಒಂದು ಸಾಲಿಗೆ ಒಂದು ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಸಂದೇಶ ಕಳಿಸುತ್ತದೆ, ಅದರಲ್ಲಿ ಕ್ರಮಸಂಖ್ಯೆ ಮತ್ತು ಕೋಡ್. ಮಧ್ಯವರ್ತಿ ಕೋಡನ್ನು, ವೇರಿಯೇಬಲ್ಲುಗಳನ್ನು ಇಡುವ ಒಂದೇ ಡಿಕ್ಷನರಿಯಲ್ಲಿ ಓಡಿಸಿ, ಅದೇ ಸಂಖ್ಯೆಯೊಂದಿಗೆ ಔಟ್‌ಪುಟ್, ತಪ್ಪು, ‘ಮುಗಿಯಿತು’ ಎಂಬ ಸಂದೇಶಗಳನ್ನು ಸಾಲಿಗೊಂದರಂತೆ ಹಿಂದಿರುಗಿಸುತ್ತದೆ. ಮಾತುಕತೆಯ ಸ್ಥಿತಿಯಲ್ಲಿ ಫಂಕ್ಷನ್ ನಡುವೆ ಒಂದು ಖಾಲಿ ಸಾಲು ಬಂದರೂ ಫಂಕ್ಷನ್ ಮುಗಿಯಿತೆಂದು ತಿಳಿದು ಮುಂದಿನ ಸಾಲಿಗೆ ಇಂಡೆಂಟ್ ತಪ್ಪು ಕೊಡುತ್ತಿತ್ತು; ಆ ಕಾಟ ಇಲ್ಲಿಲ್ಲ. ಜೇಸನ್‌ನಿಂದ ಇನ್ನೊಂದು ಪುಕ್ಕಟೆ ಲಾಭವಿದೆ: ಪೈಥಾನ್‌ನ ಜೇಸನ್ ಕನ್ನಡದ ಪ್ರತಿ ಸಂಕೇತವನ್ನೂ 6 ಸಾದಾ ಇಂಗ್ಲಿಷ್ ಚಿಹ್ನೆಗಳಾಗಿ ಬರೆಯುತ್ತದೆ. ಗಾತ್ರ ಇಮ್ಮಡಿ, ಆದರೆ ಕೋಡ್ ಪೇಜ್ ತಾಪತ್ರಯವೂ ಇಲ್ಲ, ಅಕ್ಷರ ತುಂಡಾಗುವುದೂ ಇಲ್ಲ.

ಮಧ್ಯವರ್ತಿಯಲ್ಲಿ ಎರಡು ಗುಂಡಿಗಳಿವೆ, ಬೀಳದವರು ಕಡಿಮೆ. ಒಂದು, ಬಳಕೆದಾರರ ಕೋಡಿನ ಪ್ರಿಂಟ್ ನೇರವಾಗಿ ಪೈಪಿಗೆ ಹೋದರೆ ಜೇಸನ್ ನಡುವೆ ಸೇರಿ ಎಲ್ಲ ಕೆಡುತ್ತದೆ. ಶುರುವಿನಲ್ಲೇ ಔಟ್‌ಪುಟ್ ಪೈಪಿನ ಒಂದು ಪ್ರತಿಯನ್ನು ಸಂದೇಶಗಳಿಗೆಂದು ಎತ್ತಿಟ್ಟು, ಮೂಲ ಔಟ್‌ಪುಟ್ಟನ್ನು ಬೇರೆಡೆ ತಿರುಗಿಸಬೇಕು. ಇನ್ನೊಂದು, ಬಳಕೆದಾರರ ಕೋಡಿನಲ್ಲಿ ಇನ್‌ಪುಟ್ ಎಂಬ ಕರೆ ಇದ್ದರೆ ಅದು ಆ್ಯಪ್ ಕಳಿಸಿದ ಮುಂದಿನ ಜೇಸನ್ ಸಾಲನ್ನೇ ‘ಬಳಕೆದಾರರ ಉತ್ತರ’ ಎಂದು ನುಂಗಿಬಿಡುತ್ತದೆ. ಇನ್‌ಪುಟ್ ಫಂಕ್ಷನ್ನಿನ ಜಾಗದಲ್ಲಿ ನಮ್ಮದೊಂದನ್ನು ಇಟ್ಟು, ‘ಉತ್ತರ ಬೇಕು’ ಎಂದು ಆ್ಯಪ್‌ಗೆ ಸಂದೇಶ ಕಳಿಸಿ ಕಾಯುವಂತೆ ಮಾಡಬೇಕು.

ನಿಲ್ಲಿಸುವ ಬಟನ್ ಇಲ್ಲದ ಇಂಥ ಆ್ಯಪ್ ಬ್ರೇಕಿಲ್ಲದ ಸೈಕಲ್. ಇದರಲ್ಲಿ ಚೆಸ್ ಪ್ರೋಗ್ರಾಮುಗಳಿಂದ ಕಲಿಯಬೇಕು. 2000ದಲ್ಲಿ ಬಂದ ಯುಸಿಐ ಎಂಬ ಒಪ್ಪಂದದಲ್ಲಿ ಚೆಸ್ ಬೋರ್ಡ್ ತೋರಿಸುವ ವಿಂಡೋ ಮತ್ತು ಯೋಚಿಸುವ ಎಂಜಿನ್ ಪೈಪಿನಲ್ಲೇ ಮಾತಾಡುತ್ತವೆ. ‘ಸಿದ್ಧವೇ?’ ಎಂದರೆ ‘ಸಿದ್ಧ’ ಎನ್ನಬೇಕು. ಯೋಚಿಸುತ್ತಿರುವಾಗಲೂ ‘ಸ್ಟಾಪ್’ ಎಂಬ ಮಾತಿಗೆ ಕಿವಿ ತೆರೆದಿರಬೇಕು. ಮಧ್ಯವರ್ತಿಯೂ ಹಾಗೆಯೇ: ಓದಲು ಒಂದು ಥ್ರೆಡ್, ಕೋಡ್ ಓಡಿಸಲು ಮುಖ್ಯ ಥ್ರೆಡ್. ‘ನಿಲ್ಲಿಸು’ ಬಂದ ಕೂಡಲೇ ಓದುವ ಥ್ರೆಡ್ ಇಂಟರಪ್ಟ್‌ಮೇನ್ ಕರೆದರೆ ಸಾಮಾನ್ಯ ಲೂಪ್‌ಗಳು ನಿಲ್ಲುತ್ತವೆ, ವೇರಿಯೇಬಲ್‌ಗಳೂ ಉಳಿಯುತ್ತವೆ. ಸಿ ಭಾಷೆಯ ಲೈಬ್ರರಿಯೊಳಗೆ ಸಿಕ್ಕಿಕೊಂಡ ಲೆಕ್ಕ ಇದಕ್ಕೆ ಬಗ್ಗದು. 3 ಸೆಕೆಂಡು ನೋಡಿ ಪ್ರೋಸೆಸ್ಸನ್ನೇ ಕೊಂದು ಹೊಸದನ್ನು ಎಬ್ಬಿಸಬೇಕು, ಹಿಂದಿನ ವೇರಿಯೇಬಲ್‌ಗಳು ಹೋದವು ಎಂದು ಬಳಕೆದಾರರಿಗೆ ಹೇಳಬೇಕು. ಕ್ಯೂಪ್ರೋಸೆಸ್‌ನ ಟರ್ಮಿನೇಟ್ ವಿಂಡೋಸ್‌ನಲ್ಲಿ ಕನ್ಸೋಲ್ ಪ್ರೋಗ್ರಾಮುಗಳನ್ನು ಮುಗಿಸುವುದಿಲ್ಲ, ಅಲ್ಲಿ ಕಿಲ್ ಬೇಕು. ವಿಂಡೋ ಮುಚ್ಚುವಾಗ ಇನ್‌ಪುಟ್ ಪೈಪನ್ನೂ ಮುಚ್ಚಬೇಕು. ಇಲ್ಲದಿದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ಅನಾಥ ಪೈಥಾನ್‌ಗಳ ಸಾಲು ಬೆಳೆಯುತ್ತ ಹೋಗುತ್ತದೆ.

ಬೇರೆಯವರ ಯಂತ್ರಕ್ಕೆ ಒಯ್ದಾಗಿನ ತೊಂದರೆಗಳನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಪೈಥಾನ್ ಹಾಕಿರದ ವಿಂಡೋಸ್‌ನಲ್ಲಿ ಬರೀ ‘ಪೈಥಾನ್’ ಎಂದು ಕರೆದರೆ ಮೈಕ್ರೋಸಾಫ್ಟ್ ಸ್ಟೋರ್ ಬಾಗಿಲು ತೆರೆಯುತ್ತದೆ ಅಥವಾ ‘ಸಿಗಲಿಲ್ಲ’ ಎಂಬ ಸಾಲು ಬರುತ್ತದೆ. ಪೂರ್ತಿ ಪಾತ್ (ಫೈಲ್ ಇರುವ ಜಾಗದ ವಿಳಾಸ) ಕೊಡಬೇಕು. ಪಾತ್‌ನಲ್ಲಿ ಖಾಲಿ ಜಾಗವಿದ್ದರೆ ತುಂಡಾಗದಂತೆ ಆಜ್ಞೆಯನ್ನು ಒಂದೇ ಉದ್ದ ಸಾಲಾಗಿ ಕೊಡದೆ ಲಿಸ್ಟ್ ಆಗಿ ಕೊಡಬೇಕು. ಹಿಂದೆ ಕಪ್ಪು ಕನ್ಸೋಲ್ ಮಿಂಚದಿರಲು ‘ಕ್ರಿಯೇಟ್ ನೋ ವಿಂಡೋ’ ಫ್ಲ್ಯಾಗ್ ಇದೆ. ಎಲ್ಲಕ್ಕಿಂತ ತಮಾಷೆಯದು, ಪೈಥಾನ್ ಕೋಡನ್ನು ಆ್ಯಪ್ ರೂಪಕ್ಕೆ ತರುವ ಪೈಇನ್‌ಸ್ಟಾಲರ್‌ನಲ್ಲಿ ಕಟ್ಟಿದ ಆ್ಯಪ್‌ನದು. ಅಲ್ಲಿ ‘ಈಗ ಓಡುತ್ತಿರುವ ಪೈಥಾನ್’ ಎಂಬುದರ ವಿಳಾಸ ಕೇಳಿದರೆ ಸಿಗುವುದು ಆ ಆ್ಯಪ್‌ನದೇ ವಿಳಾಸ. ಇಂಟರ್‌ಪ್ರಿಟರ್ ಎಂದುಕೊಂಡು ಅದನ್ನು ಎಬ್ಬಿಸಿದರೆ ಇನ್ನೊಂದು ವಿಂಡೋ, ಅದರಿಂದ ಮತ್ತೊಂದು. ಕರೆಂಟ್ ಕಿತ್ತರೇ ನಿಲ್ಲುವುದು.

ಪ್ರಾಜೆಕ್ಟ್ ಗೈಡ್‌ಗಳಲ್ಲಿ, ಎಕ್ಸಾಮಿನರುಗಳಲ್ಲಿ ನಮ್ಮ ಕೋರಿಕೆ ಇಷ್ಟೆ. ವರದಿಯ ಬೈಂಡಿಂಗ್, ಹಳದಿ-ನೀಲಿ ಡಯಾಗ್ರಾಮ್ ನೋಡುವ ಹತ್ತು ನಿಮಿಷದಲ್ಲಿ ಐದು ನಿಮಿಷ ಕೀಬೋರ್ಡ್ ಮುಂದೆ ಕೂತು ಇಷ್ಟನ್ನು ಮಾಡಿ ನೋಡಿ: ಸೆಕೆಂಡಿಗೊಂದರಂತೆ 5 ಸಾಲು ಮುದ್ರಿಸಿ, ಒಂದೊಂದಾಗಿ ಬರುತ್ತವೆಯೇ? ‘ಚಿತ್ರದುರ್ಗ’ ಎಂದು 10,000 ಸಾರಿ ಮುದ್ರಿಸಿ, ಕೊನೆಯವರೆಗೂ ಬರುತ್ತದೆಯೇ, ನಡುವೆ ಒಂದಾದರೂ ಒತ್ತಕ್ಷರ ಕೆಟ್ಟಿದೆಯೇ? ಮುಗಿಯದ ಲೂಪ್ ಓಡಿಸಿ ನಿಲ್ಲಿಸುವ ಬಟನ್ ಒತ್ತಿ. ಇನ್‌ಪುಟ್ ಕೇಳುವ ಒಂದು ಸಾಲು ಕೊಡಿ. ಕೊನೆಗೆ ವಿಂಡೋ ಮುಚ್ಚಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಯಾವುದಾದರೂ ಒಂದರಲ್ಲಿ ಸೋತ ತಂಡಕ್ಕೆ ಅಂಕ ಕಡಿಯುವುದಕ್ಕಿಂತ ಮುಖ್ಯ, ಏಕೆ ಸೋತಿತೆಂದು ಕೇಳುವುದು. ‘ಬಫರ್ ಫ್ಲಶ್ ಆಗಿಲ್ಲ ಸಾರ್’ ಎಂದು ಸ್ವತಃ ಹೇಳಬಲ್ಲ ಹುಡುಗಿಗೆ ಪೂರ್ತಿ ಅಂಕ ಕೊಟ್ಟರೂ ನಮ್ಮ ತಕರಾರಿಲ್ಲ.

– ಸಾಫ್ಟ್‌ವೇರ್ ಕೆಲಸದಲ್ಲಿರುವ ಕೆಲವು ಓದುಗರು, ದಾವಣಗೆರೆ